ಒಣಗಿದ ಹುಟ್ಟು

ಕನ್ನಡಕದ ಅಂಗಡಿಯಲ್ಲಿ ಮಾವ ಮುಂದುಗಡೆ ಗಲ್ಲಾಪೆಟ್ಟಿಗೆಯ ಹತ್ತಿರ ಕೂರುತ್ತಿದ್ದರು, ಅಳಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ. ದೋಣಿಯಲ್ಲಿ ಮಾತ್ರ ಅಳಿಯ ಮುಂದೆ, ಮಾವ ಹಿಂದೆ. ಒಟ್ಟಿನಲ್ಲಿ ಕೆಲಸ ಎಲ್ಲಿತ್ತೋ ಅಲ್ಲಿ ಅಳಿಯ.

ವರ್ಷಕ್ಕೊಮ್ಮೆ ನದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದೂರದ ದೋಣಿ ಪಂದ್ಯ. ಈ ಜೋಡಿ ತಪ್ಪದೆ ಸೇರುತ್ತಿತ್ತು, ತಪ್ಪದೆ ಕೊನೆಗೆ ಬರುತ್ತಿತ್ತು. ಹಿಂದೆ ಕೂತವರು ದಿಕ್ಕು ನೋಡಿಕೊಂಡು ಆಗಾಗ "ಬದಲು" ಎಂದು ಕೂಗಬೇಕು. ಕೂಗಿದೊಡನೆ ಇಬ್ಬರೂ ಹುಟ್ಟನ್ನು ದೋಣಿಯ ಇನ್ನೊಂದು ಬದಿಗೆ ದಾಟಿಸಬೇಕು. ಮಾವನ ಕೂಗು ಆಚೆ ದಡಕ್ಕೂ ಕೇಳಿಸುತ್ತಿತ್ತು. ಮುಂದೆ ಕೂತವನು ಹಿಂದೆ ನೋಡುವ ಹಾಗಿಲ್ಲ, ತಿರುಗಿದರೆ ದೋಣಿ ವಾಲುತ್ತದೆ.

ಸೋತು ಬಂದ ಮೇಲೆ ಮಾವ ಗಿರಾಕಿಗಳ ಕಿವಿಗೆ ಕನ್ನಡಕ ಸಿಕ್ಕಿಸುತ್ತಾ, "ಹುಡುಗ ಒಳ್ಳೇವ್ನೇ, ತೋಳಲ್ಲಿ ಕಸುವಿಲ್ಲ ಅಷ್ಟೆ" ಎನ್ನುತ್ತಿದ್ದರು. ಗಿರಾಕಿಗಳು ಹೊಸ ಕನ್ನಡಕದಲ್ಲಿ ಮೊದಲು ನೋಡುತ್ತಿದ್ದದ್ದು ಅಳಿಯನ ತೋಳನ್ನೇ. ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಆಗೆಲ್ಲ ಹೆಂಡತಿ ಸುಮ್ಮನಿರುತ್ತಿದ್ದದ್ದು ಅವನ ಹೊಟ್ಟೆ ಉರಿಸುತ್ತಿತ್ತು. ಅವಳೂ ನಂಬಿಬಿಟ್ಟಿದ್ದಾಳೆ ಎಂದುಕೊಂಡಿದ್ದ. ಈ ಸಲವಾದರೂ ಅವಳೆದುರು ತಲೆಯೆತ್ತಿ ನಿಲ್ಲಬೇಕು ಎಂದು ತಿಂಗಳುಗಟ್ಟಲೆ ಬಸ್ಕಿ ಹೊಡೆದ. ಬಸ್ಕಿ ಕಾಲಿಗೆ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಪಂದ್ಯದ ದಿನ ಅರ್ಧ ದಾರಿ ಬರುವಷ್ಟರಲ್ಲಿ ಅಂಗೈಯ ಬೊಬ್ಬೆಗಳು ಒಡೆದಿದ್ದವು. ಅಲ್ಲಿ ನದಿಗೆ ಅಡ್ಡಲಾಗಿ ಒಡ್ಡು. ದೋಣಿಯನ್ನು ಹೊತ್ತು ದಡದ ಮೇಲೆ ಓಡಿ, ಒಡ್ಡಿನ ಕೆಳಗೆ ಮತ್ತೆ ನೀರಿಗಿಳಿಸಬೇಕು. ಪ್ರತಿ ವರ್ಷದಂತೆ ದೋಣಿ ಅಳಿಯನ ಹೆಗಲಿಗೆ, ಹುಟ್ಟುಗಳೆರಡೂ ಮಾವನ ಕಂಕುಳಿಗೆ. ಈ ಸಲ ಕೆಸರಲ್ಲಿ ಮಾವನ ಕಾಲು ಜಾರಿತು. ಹುಟ್ಟುಗಳು ಅಳಿಯನ ಕಾಲ ಬುಡಕ್ಕೇ ಬಂದು ಬಿದ್ದವು.

ಅವನದ್ದರಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾವನದು ತುದಿಯಲ್ಲಿ ಎರಡು ಬೆರಳಷ್ಟು ಒದ್ದೆ, ಉಳಿದದ್ದೆಲ್ಲ ಒಣ ಸೌದೆ. ಅಲಗಿನ ಮೇಲೆ ಬೆಲೆಚೀಟಿ ಒಂದು ಮೂಲೆಯೂ ಏಳದೆ ಕೂತಿತ್ತು. ಮದುವೆಯಾದ ವರ್ಷ ಅಳಿಯನೇ ಉಡುಗೊರೆ ಕೊಟ್ಟ ಹುಟ್ಟು ಅದು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ; ಇವನ ಅಂಗೈಯಲ್ಲಿ ಹುಣ್ಣಿತ್ತು, ಅಂಗಡಿ ತುಂಬ ಕನ್ನಡಕಗಳಿದ್ದವು, ಆದರೂ ಇಷ್ಟು ವರ್ಷ ಕಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು.

"ನಾನು ದಿಕ್ಕು ನೋಡ್ತಿದ್ದೆ, ಅಳಿಯಂದ್ರೆ" ಎಂದರು ಮಾವ, ಕೆಸರಿನಿಂದಲೇ.

"ಇನ್ನು ನಾನು ನೋಡ್ತೀನಿ. ನೀವು ಮುಂದೆ ಹತ್ತಿ."

"ನಂಗೆ ಈ ಭುಜ ಒಂದು..."

"ಹತ್ತಿ ಮಾವ."

ಹಿಂದೆ ಕೂತವನಿಗೆ ಮುಂದಿನವರ ಬೆನ್ನಿಡೀ ಕಾಣುತ್ತದೆ, ಮೈಗಳ್ಳತನ ನಡೆಯುವುದಿಲ್ಲ. ಮಾವ ಏದುಸಿರು ಬಿಡುತ್ತಾ ಹುಟ್ಟು ಹಾಕಿದರು. ಬೆಲೆಚೀಟಿ ಕಳಚಿ ನೀರಲ್ಲಿ ತೇಲಿಹೋಯಿತು. ಅಳಿಯನೂ ಮೊದಮೊದಲು ಜೋರಾಗಿಯೇ ಹಾಕಿದ. ಆಮೇಲೆ ಅಂಗೈ ಉರಿ ಆರಲಿ ಎಂದು ತುಸು ನಿಲ್ಲಿಸಿದ. "ಬದಲು" ಎಂದ. ಮಾವ ಬದಲಿಸಿದರು, ದೋಣಿ ಹೋಗುತ್ತಲೇ ಇತ್ತು. ತಂಗಾಳಿ ಬೀಸುತ್ತಿತ್ತು. ಈ ನದಿ ಇಷ್ಟು ಚೆನ್ನಾಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಎಲ್ಲರಿಗಿಂತ ಕೊನೆಗೆ ದಡ ಸೇರಿದರು. ಮಾವ ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡರು. ಹೆಂಡತಿ ಹತ್ತಿರ ಬಂದಾಗ ಅಳಿಯನ ಬಾಯಿಂದ ಮಾತು ತಾನಾಗಿ ಬಂತು. "ಏನ್ ಮಾಡೋದು, ನಿಮ್ಮಪ್ಪನ ತೋಳಲ್ಲಿ ಕಸುವಿಲ್ಲ. ಇಷ್ಟು ವರ್ಷ ಒಣ ಹುಟ್ಟು ಹಿಡ್ಕೊಂಡು ಕೂತಿದ್ರು, ಗೊತ್ತಾ?"

"ಗೊತ್ತು" ಎಂದಳು. "ನೀವು ಬರೋಕೆ ಮುಂಚೆ ಆ ಮುಂದಿನ ಸೀಟಲ್ಲಿ ನಾನೇ ಕೂರ್ತಿದ್ದೆ. ಯಾರಾದ್ರೂ ಸಿಕ್ರೆ ಸಾಕು ಅಂತ ಕಾಯ್ತಿದ್ದೆ. ನೀವು ಸಿಕ್ಕಿದ್ರಿ."

ಅವಳು ಬಗ್ಗಿ ಅವನ ಹುಟ್ಟನ್ನು ಎತ್ತಿಕೊಂಡು ಅಲಗಿನ ಮೇಲೆ ಬೆರಳಾಡಿಸಿದಳು. ಅದು ಸಂಜೆ ಬಿಸಿಲಿಗೆ ಒಣಗಿ ಬೆಚ್ಚಗಿತ್ತು, ತುದಿಯಲ್ಲಿ ಎರಡು ಬೆರಳಷ್ಟು ಮಾತ್ರ ಒದ್ದೆ.

"ನಮ್ಮಪ್ಪನಿಗೆ ತಕ್ಕ ಅಳಿಯ" ಎಂದು ಹುಟ್ಟನ್ನು ಅವನ ಕೈಗೆ ಕೊಟ್ಟು, ಅಪ್ಪನನ್ನು ಎಬ್ಬಿಸಲು ಹೋದಳು.