ಏಳನೇ ಮಂಚದ ಕುಶಲಾ ಪೂಜಾರ್ತಿ

ಕುಶಲಾ ಪೂಜಾರ್ತಿ ಎಂಬ ಹೆಂಗಸು ಈ ಭೂಮಿಯ ಮೇಲೆ ಇಲ್ಲವೆಂದು ಆಶ್ರಿತಾಳಿಗೆ ಖಚಿತವಾಗಿ ಗೊತ್ತಿತ್ತು. ಆದರೂ ಆ ಕುಶಲಾ ಏಳನೇ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು ಬನ್ಸ್ ತಿನ್ನುತ್ತಿದ್ದಳು.

ಕಳೆದ ಜೂನಿನಲ್ಲಿ ಹಾಸ್ಟೆಲಿನ ಕೋಣೆಯಲ್ಲಿ ಅವಳನ್ನು ಹುಟ್ಟಿಸಿದವಳು ಆಶ್ರಿತಾಳೇ. ನರ್ಸಿಂಗ್ ಮೂರನೇ ವರ್ಷದ ರೆಕಾರ್ಡ್ ಪುಸ್ತಕಕ್ಕೆ ಹತ್ತು ರೋಗಿಗಳ ಆರೈಕೆಯ ವಿವರ ಬೇಕಿತ್ತು. ಕಾಲೇಜಿನ ಆಸ್ಪತ್ರೆಗೆ ರೋಗಿಗಳೇ ಬರುತ್ತಿರಲಿಲ್ಲ. ಎಲ್ಲರೂ ಕಲ್ಪಿಸಿಕೊಂಡು ಬರೆದರು, ಅವಳೂ ಬರೆದಳು. ವಯಸ್ಸು ನಲವತ್ತೈದು, ಊರು ಕೆಮ್ಮಣ್ಣು, ಪಿತ್ತಕೋಶದ ಆಪರೇಷನ್. ಗಂಡ ಮಸ್ಕತ್ತಿನಲ್ಲಿ. ಗಂಡನ ವಿಷಯ ಯಾರೂ ಕೇಳಿರಲಿಲ್ಲ. ನೋಡಲು ಒಬ್ಬರೂ ಬರದಿರುವುದಕ್ಕೆ ಒಂದು ಕಾರಣವಿರಲೆಂದು ಸೇರಿಸಿದ್ದಳು.

ಇವತ್ತು ಕಾಲೇಜಿನ ಮಾನ್ಯತೆಗಾಗಿ ಇನ್‌ಸ್ಪೆಕ್ಷನ್; ಆಸ್ಪತ್ರೆ ತುಂಬಿರುವಂತೆ ಕಾಣಬೇಕಿತ್ತು. ಬೈಪಾಸಿನಲ್ಲಿ ಕೂಲಿಗಾಗಿ ಕಾಯುತ್ತಿದ್ದವರನ್ನು ಕಾಲೇಜಿನ ವ್ಯಾನು ಬೆಳಿಗ್ಗೆಯೇ ಹತ್ತಿಸಿಕೊಂಡು ಬಂದಿತ್ತು. ರೆಕಾರ್ಡುಗಳಲ್ಲಿದ್ದ ಹೆಸರುಗಳನ್ನೇ ಅವರಿಗೆ ಹಂಚಿ, ಹಸಿರು ಗೌನು ತೊಡಿಸಿ, ಮಂಚ ತೋರಿಸಿದ್ದರು.

"ಇವರು ನಿನ್ನ ಪೇಶೆಂಟ್ ಅಲ್ವಾ?" ಎಂದರು ಮೇಟ್ರನ್ ಅಪೊಲೋನಿಯಾ ಸಿಸ್ಟರ್. "ಬಿ.ಪಿ. ನೀನೇ ನೋಡಿ ತೋರಿಸಬೇಕು. ನಿನ್ನ ಮೇಲೆ ನನಗೆ ನಂಬಿಕೆ ಉಂಟು."

ನಂಬಿಕೆ. ಆಶ್ರಿತಾಳ ಕೈ ಏಪ್ರನ್ನಿನ ಜೇಬಿಗೆ ಹೋಯಿತು. ಕಾಗದ ಅಲ್ಲೇ ಇತ್ತು. ತರಗತಿಯ ಮೂವತ್ತೊಂದು ಜನರ ದೂರು: ಮೂರು ವರ್ಷಗಳಲ್ಲಿ ನಮಗೆ ಏನೂ ಕಲಿಸಿಲ್ಲ, ನಿಜವಾದ ಆಸ್ಪತ್ರೆಗೆ ತರಬೇತಿಗೆ ಕಳುಹಿಸಿ. ಮೊದಲು ಸಹಿ ಹಾಕಿದವರು ಯಾರೆಂದು ತಿಳಿಯದಿರಲೆಂದು ಸಹಪಾಠಿ ಮೋಕ್ಷಾ ಎಲ್ಲರಿಂದಲೂ ಚಕ್ರದಂತೆ ದುಂಡಗೆ ಸಹಿ ಹಾಕಿಸಿದ್ದಳು. ಆದರೆ ಕಾಗದಕ್ಕೆ ಮೇಲು ಕೆಳಗು ಇರುತ್ತದಲ್ಲ. ಮೇಲೆ ಬಂದದ್ದು ಆಶ್ರಿತಾಳ ಹೆಸರು. ಅದನ್ನು ಇನ್‌ಸ್ಪೆಕ್ಟರರ ಕೈಗೆ ಕೊಡುವ ಕೆಲಸವೂ ಅವಳ ಪಾಲಿಗೇ ಬಂದಿತ್ತು.

"ನಿನ್ನ ಮುಖ ನೋಡಿದರೆ ಯಾರೂ ಸುಳ್ಳು ಅನ್ನುವುದಿಲ್ಲ ಮಾರಾಯ್ತಿ" ಎಂದಿದ್ದಳು ಮೋಕ್ಷಾ.

ಅದು ಹೊಗಳಿಕೆಯೋ, ಬಲಿಯ ಕುರಿಗೆ ಹಾಕಿದ ಹಾರವೋ? ಬಾಗಿಲ ಪಕ್ಕದ ಈ ಏಳನೇ ಮಂಚವೇ ತನಗೆ ಯಾಕೆ ಸಿಕ್ಕಿತು? ಸಿಸ್ಟರಿಗೆ ಯಾರಾದರೂ ಹೇಳಿರಬಹುದೇ? ಎದುರು ಸಾಲಿನಲ್ಲಿ ಮೋಕ್ಷಾ ಒಬ್ಬ ಮುದುಕನ ಹೊದಿಕೆ ಸರಿಪಡಿಸುತ್ತಿದ್ದಳು, ಬೇಕಾದುದಕ್ಕಿಂತ ಹೆಚ್ಚು ಹೊತ್ತು.

"ಅಕ್ಕಾರ, ಸಂಜೀತನಕ ಹಿಂಗ ಮಲಗೂದೇನ್ರಿ?" ಎಂದಳು ಮಂಚದ ಮೇಲಿನ ಹೆಂಗಸು.

"ಇನ್‌ಸ್ಪೆಕ್ಷನ್ ಮುಗಿಯುವ ತನಕ. ನಿಮ್ಮ ಹೆಸರು ಎಂತ?"

"ನಾಗವೇಣಿ ರೀ. ಇವತ್ತಷ್ಟ ಕುಶಲಾ." ಹೆಂಗಸು ಬೆರಳು ನೆಕ್ಕಿಕೊಂಡಳು. "ಗಂಡ ಮಸ್ಕತ್ತಿನಾಗ ಅದಾನಂತಲ್ರಿ. ರೊಕ್ಕಾ ಕಳಸ್ತಾನೋ ಇಲ್ಲೋ?"

ಆಶ್ರಿತಾಳಿಗೆ ನಗು ಬರಲಿಲ್ಲ. "ಯಾರು ಹೇಳಿದ್ದು?"

"ಆ ದೊಡ್ಡ ಸಿಸ್ಟರು ಎಲ್ಲಾ ಓದಿ ಹೇಳ್ಯಾರ್ರಿ."

ಎಲ್ಲಾ ಓದಿದ್ದಾರೆ. ಹಾಗಾದರೆ ರೆಕಾರ್ಡ್ ಪುಸ್ತಕದ ಅಷ್ಟೂ ಸುಳ್ಳಿಗೆ ಸಿಸ್ಟರ್ ತಿಳಿದೇ ಸಹಿ ಹಾಕಿದ್ದರು. ಈಗ ದೂರು ಕೊಟ್ಟರೆ ಮೊದಲು ತೆರೆಯುವ ಪುಸ್ತಕ ಯಾರದು?

ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಬಂದರು. ಬೆಂಗಳೂರಿನ ಕಡೆಯ, ಮೆತ್ತಗಿನ ದನಿಯ ಹೆಂಗಸು. ನೇರವಾಗಿ ಏಳನೇ ಮಂಚಕ್ಕೇ ಬಂದು, "ಬಿ.ಪಿ. ನೋಡಮ್ಮ" ಎಂದರು.

ಆಶ್ರಿತಾ ಪಟ್ಟಿ ಸುತ್ತಿದಳು, ಗಾಳಿ ಒತ್ತಿದಳು, ಮೆಲ್ಲನೆ ಬಿಟ್ಟಳು. ನೂರ ತೊಂಬತ್ತಕ್ಕೆ ಕಿವಿಯಲ್ಲಿ ಸದ್ದು ಕೇಳಿಸಿತು. ಮತ್ತೊಮ್ಮೆ ಒತ್ತಿದಳು. ಮತ್ತೆ ನೂರ ತೊಂಬತ್ತು. ಇದುವರೆಗೆ ಅವಳು ನೋಡಿದ್ದು ಗೆಳತಿಯರ ಕೈಗಳನ್ನು ಮಾತ್ರ. ಅಲ್ಲಿ ಏನು ಕೇಳಿಸಿದರೂ, ಏನೂ ಕೇಳಿಸದಿದ್ದರೂ, ಎಲ್ಲರೂ ಬರೆದದ್ದು ನೂರಿಪ್ಪತ್ತು ಎಂಬತ್ತು. ಇವತ್ತಿನ ಚಾರ್ಟಿನಲ್ಲೂ ಅವಳದೇ ಅಕ್ಷರದಲ್ಲಿ ನಿನ್ನೆಯೇ ಅದನ್ನು ಬರೆದಿಟ್ಟಾಗಿತ್ತು.

ಇದು ಈ ಹೆಂಗಸಿನ ರಕ್ತದ ಸದ್ದೋ, ತನ್ನ ಎದೆಯದೋ?

ತನಗೆ ಏನೂ ಕಲಿಸಿಲ್ಲವೆಂದರೆ ನೂರ ತೊಂಬತ್ತನ್ನು ಯಾರು ನಂಬುತ್ತಾರೆ? ನೂರ ತೊಂಬತ್ತು ನಿಜವಾದರೆ ಜೇಬಿನಲ್ಲಿರುವ ಕಾಗದವನ್ನು ಯಾರು ನಂಬುತ್ತಾರೆ?

"ಎಷ್ಟಿದೆ? ಹೆದರ್ಬೇಡ. ಏನಾದ್ರೂ ಹೇಳೋದಿದ್ರೂ ಹೇಳು."

ಏನಾದರೂ ಎಂದರೆ? ಇವರಾಗಿಯೇ ಕೇಳುತ್ತಿದ್ದಾರೋ, ಯಾರಾದರೂ ಹೇಳಿಕೊಟ್ಟು ಕೇಳಿಸುತ್ತಿದ್ದಾರೋ? ಅಪೊಲೋನಿಯಾ ಸಿಸ್ಟರ್ ಕಿಟಕಿಯ ಕಡೆ ನೋಡುತ್ತಿದ್ದರು. ಮೋಕ್ಷಾಳೂ ಕಿಟಕಿಯ ಕಡೆಯೇ ನೋಡುತ್ತಿದ್ದಳು.

"ನೂರಿಪ್ಪತ್ತು ಎಂಬತ್ತು, ಮೇಡಂ."

ಇನ್‌ಸ್ಪೆಕ್ಟರ್ ಚಾರ್ಟ್ ನೋಡಿದರು. ಒಂದು ಗುರುತು ಹಾಕಿ ಎಂಟನೇ ಮಂಚಕ್ಕೆ ಹೋದರು.

ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಕೈತೊಳೆಯುವಲ್ಲಿ ಮೋಕ್ಷಾ ಪಕ್ಕಕ್ಕೆ ಬಂದಳು.

"ಕೊಡಲಿಲ್ಲ ಅಲ್ವಾ?"

"ನಿನಗೂ ಕೈ ಉಂಟಲ್ಲ."

"ನನಗೆ ಗೊತ್ತಿತ್ತು."

"ಎಂತ ಗೊತ್ತಿತ್ತು?"

ಮೋಕ್ಷಾ ನಲ್ಲಿ ತಿರುಗಿಸಿ ಹೊರಟುಹೋದಳು.

ಅಂಗಳದಲ್ಲಿ ವ್ಯಾನು ಹೊರಡಲು ನಿಂತಿತ್ತು. ನಾಗವೇಣಿ ತನ್ನ ಸೀರೆಯುಟ್ಟು, ಸೆರಗು ಬಿಗಿದು ಹತ್ತಿ ಕೂತಿದ್ದಳು. ಆಶ್ರಿತಾ ಓಡಿಹೋಗಿ ಕಿಟಕಿಯ ಸರಳು ಹಿಡಿದಳು.

"ನಿಮಗೆ ಬಿ.ಪಿ. ತುಂಬಾ ಉಂಟು. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ."

ಹೆಂಗಸು ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಹೆದರಿಕೆಯಿರಲಿಲ್ಲ; ವ್ಯಾಪಾರಿಯನ್ನು ಅಳೆಯುವ ಜಾಗ್ರತೆ ಇತ್ತು.

"ಈ ಬ್ಯಾನಿ ಖರೇನೇನ್ರಿ ಅಕ್ಕಾರ, ಇಲ್ಲಾ ಇದೂ ಇವತ್ತಿಂದಷ್ಟನಾ?"

ಆಶ್ರಿತಾ ಸರಳು ಬಿಟ್ಟಳು. ವ್ಯಾನು ಗೇಟು ದಾಟಿ ಹೆದ್ದಾರಿಗೆ ಇಳಿಯಿತು.

"ಆಶ್ರಿತಾ, ಬಾ ಇಲ್ಲಿ. ಕಾಲು ಹಿಡಿ."

ಇನ್‌ಸ್ಪೆಕ್ಷನ್ನಿಗೆ ಮಂಚ ಬೇಕೆಂದು ಸ್ಟೋರಿನಲ್ಲಿ ಅಡಗಿಸಿಟ್ಟಿದ್ದ ಅಭ್ಯಾಸದ ರಬ್ಬರ್ ಗೊಂಬೆಯ ಕಂಕುಳಿಗೆ ಸಿಸ್ಟರ್ ಕೈಹಾಕಿ ನಿಂತಿದ್ದರು. ಆಳೆತ್ತರದ ಗೊಂಬೆ. ಇಬ್ಬರೂ ಹೊತ್ತುತಂದು ಏಳನೇ ಮಂಚದಲ್ಲಿ ಮಲಗಿಸಿದರು. ದಿಂಬಿನಲ್ಲಿ ನಾಗವೇಣಿಯ ತಲೆಯ ಕುಳಿ ಇನ್ನೂ ಉಳಿದಿತ್ತು. ಗೊಂಬೆಯ ತಲೆ ಅದರೊಳಗೆ ಸರಿಯಾಗಿ ಕೂತಿತು.

ಸಿಸ್ಟರ್ ಹೊದಿಕೆಯನ್ನು ಅದರ ಕತ್ತಿನವರೆಗೆ ಎಳೆದು, ಅಂಚು ಮಡಚಿ, ಹೊರಟರು. ಉಸಿರು ಊದಿ ಕಲಿಯಲೆಂದು ತೆರೆದೇ ಮಾಡಿದ್ದ ಗೊಂಬೆಯ ಬಾಯಿಯಿಂದ ಇರುವೆಗಳು, ಒಂದರ ಹಿಂದೆ ಒಂದು, ಬಿಳಿ ಹೊದಿಕೆಯ ಮೇಲೆ ಇಳಿಯತೊಡಗಿದವು.