ವಾ ಚೂನ ಬಲಗೈ

ಆ ಬಿಳಿ ಮುದುಕಿ ಕೈ ಬಿಡುವಂತೆಯೇ ಕಾಣಲಿಲ್ಲ. ವಾ ಚೂ ಹೆರ್‌ನ ಬಲಗೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು, ಕಿರುಬೆರಳು ಎರಡೇ. ಆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಅಳುತ್ತಿದ್ದಳು. ಬೆರಳಿಲ್ಲದ ಮೊಂಡು ಜಾಗವನ್ನು ಸವರಿದಳು. ಸಾಲದೆಂಬಂತೆ ಬಗ್ಗಿ ಮುತ್ತಿಟ್ಟಳು. ತುಟಿಯ ಬಣ್ಣವೂ ಮೂಗಿನ ನೀರೂ ಒಟ್ಟಿಗೇ ಹತ್ತಿಕೊಂಡವು.

ಅವನ ಬೆನ್ನ ಹಿಂದೆ, ಗೋಡೆಯ ಮೇಲೆ ಅದೇ ಕೈ ಬಾಗಿಲಷ್ಟು ದೊಡ್ಡದಾಗಿ ತೂಗುತ್ತಿತ್ತು. ಅಮೆರಿಕದ ಸೇಂಟ್ ಪಾಲ್ ಊರಿನ ಆ ಹಜಾರದಲ್ಲಿ, ಲಾವೋಸಿನ ಬೆಟ್ಟಗಳಲ್ಲಿ ಅಮೆರಿಕದ ಪರವಾಗಿ ಯುದ್ಧ ಮಾಡಿ ಬಂದ ಇಪ್ಪತ್ತಾರು ಹ್ಮಾಂಗ್ ಬುಡಕಟ್ಟಿನ ಮುದುಕರ ಫೋಟೊಗಳಿದ್ದವು. ಉಳಿದವರದೆಲ್ಲ ಮುಖ, ಮಿಲಿಟರಿ ಸಾಮಾನಿನ ಅಂಗಡಿಯಲ್ಲಿ ಕೊಂಡ ಸಮವಸ್ತ್ರ, ಬಿಗಿದ ಬಾಯಿ. ವಾ ಚೂನದು ಮಾತ್ರ ಮುಖ ಮಸುಕಾಗಿ, ಕೈ ಮುಂದಕ್ಕೆ ಬಂದು, ಗಾಯದ ಹೊಲಿಗೆ ಕೂಡ ಎಣಿಸುವಂತಿತ್ತು.

"ಏನಂತೆ ಇವಳದು?" ಎಂದು ಪಕ್ಕದಲ್ಲಿದ್ದ ನೋ ಟೌನನ್ನು ಕೇಳಿದ.

ನೋ ಟೌ ಈ ಹಳೆಯ ಸೈನಿಕರ ಸಂಘದ ಅಧ್ಯಕ್ಷ. ಯುದ್ಧದಲ್ಲಿ ರೇಡಿಯೊ ಪೆಟ್ಟಿಗೆ ಹೊರುತ್ತಿದ್ದವನು, ಅಮೆರಿಕಕ್ಕೆ ಬಂದ ಮೇಲೆ ತನಗೆ ತಾನೇ ಬಡ್ತಿ ಕೊಟ್ಟುಕೊಂಡು ಕರ್ನಲ್ ಆಗಿದ್ದ. ಅವನು ಕೆಮ್ಮಿದರೆ ಎದೆಯ ಪದಕಗಳೆಲ್ಲ ಗೆಜ್ಜೆಯಂತೆ ಸದ್ದು ಮಾಡುತ್ತಿದ್ದವು.

"ನಮ್ಮ ದೇಶಕ್ಕೋಸ್ಕರ ಕೈನೇ ಕೊಟ್ಬಿಟ್ರಲ್ಲಾ ಅಂತ ಅಳ್ತಿದ್ದಾಳೆ."

"ಟರ್ಕಿ ಕೋಳಿ ಕಾರ್ಖಾನೇಲಿ ಹೋಯ್ತು ಅಂತ ಹೇಳು. ಕೋಳಿ ಕತ್ತರ್ಸೋ ಮಿಷನ್ನಿಗೆ ಸಿಕ್ಕಿದ್ದು. ಯುದ್ಧದಲ್ಲಿ ನಂಗೊಂದು ಗೀರೂ ಆಗಿಲ್ಲ."

ನೋ ಟೌ ಮುದುಕಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದ. ವಾ ಚೂಗೆ ಇಂಗ್ಲಿಷ್ ಬಾರದು, ಆದರೆ ಟರ್ಕಿ ಎಂಬ ಒಂದು ಪದ ಚೆನ್ನಾಗಿ ಗೊತ್ತಿತ್ತು. ಬೆರಳು ಹೋದ ಮೇಲೆ ಕಾರ್ಖಾನೆಯವರು ಅವನನ್ನು ರಟ್ಟಿನ ಪೆಟ್ಟಿಗೆಗಳ ಮೇಲೆ ಅದನ್ನೇ ಬರೆಯುವ ಕೆಲಸಕ್ಕೆ ಹಾಕಿದ್ದರು. ಹನ್ನೊಂದು ವರ್ಷ ಬರೆದಿದ್ದ. ನೋ ಟೌನ ಮಾತಿನಲ್ಲಿ ಆ ಪದ ಬರಲೇ ಇಲ್ಲ. ಮುದುಕಿ ಇನ್ನೂ ಜೋರಾಗಿ ಅತ್ತಳು.

ಅವಳು ತಿಂಡಿಯ ಮೇಜಿನ ಕಡೆ ಹೋದ ಮೇಲೆ ವಾ ಚೂ ಪಾಯಿಖಾನೆಗೆ ಹೋಗಿ ಸೋಪು ಹಾಕಿ ಕೈ ತೊಳೆದ. ಎರಡು ಸಲ ತೊಳೆದರೂ ಮುತ್ತಿನ ಜಾಗ ಅಂಟಂಟಾಗಿಯೇ ಇದ್ದಂತಿತ್ತು. ಹೊರಗೆ ಬಂದು, ಫೋಟೊ ತೆಗೆದ ಹುಡುಗಿ ಪಾ ಕೂಳನ್ನು ಕರೆದ.

"ಮಗಳೇ, ನನ್ನ ಫೋಟೊ ಕೆಳಗೆ ಏನ್ ಬರ್ದಿದ್ದೀಯ? ಓದಿ ಹೇಳು."

ಪಾ ಕೂ ಹೆಮ್ಮೆಯಿಂದಲೇ ಓದಿ, ತನ್ನ ಅರ್ಧಂಬರ್ಧ ಹ್ಮಾಂಗ್‌ನಲ್ಲಿ ಹೇಳಿದಳು: "ಹದಿನಾಲ್ಕನೇ ವಯಸ್ಸಲ್ಲಿ, ಯುದ್ಧದಲ್ಲಿ ಬಲಗೈ ಕಳ್ಕೊಂಡವರು. ನೀವೇ ಹೇಳಿದ್ರಲ್ಲ ತಾತ?"

ಹೇಳಿದ್ದು ನಿಜ. ಬೇಸಿಗೆಯಲ್ಲಿ ಇವಳು ಮನೆಗೆ ಬಂದು, ಅಡುಗೆಮನೆಯಲ್ಲಿ ಕೂತು, ಯುದ್ಧದಲ್ಲಿ ಏನು ಕಳೆದುಕೊಂಡಿರಿ ಎಂದು ಕೇಳಿದ್ದಳು. "ನನ್ನ ಬಲಗೈನೇ ಹೋಯ್ತು ಮಗಳೇ. ಇನ್ನೂ ಹದಿನಾಲ್ಕು ವರ್ಷ" ಎಂದಿದ್ದ. ಹೇಳಿದ್ದು ತಮ್ಮ ಲೆಂಗ್‌ನ ವಿಷಯ. ನೆಲಬಾಂಬು ಸಿಡಿದು ಬೆಟ್ಟದ ಇಳಿಜಾರಿನಲ್ಲಿ ಬಿದ್ದವನನ್ನು ಹೊತ್ತು ತರಲೂ ಆಗಿರಲಿಲ್ಲ. ಅದನ್ನೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಕಣ್ಣೊರೆಸಿಕೊಂಡು ಕ್ಯಾಮೆರಾವನ್ನು ಅವನ ಕೈಯ ಹತ್ತಿರ ತಂದಿದ್ದಳು. ಈಗಿನ ಮಕ್ಕಳ ಫೋಟೊ ಹೀಗೇ ಇರಬೇಕು ಅಂದುಕೊಂಡು ಅವನೂ ಕೈ ಚಾಚಿದ್ದ. ಈಗ ನೆನೆದರೆ ತನ್ನ ಮೇಲೇ ಹೇಸಿಗೆಯಾಯಿತು. ತಮ್ಮನ ಸಾವು ಒಂದು ಕೋಳಿ ಕಾರ್ಖಾನೆಯ ಗಾಯಕ್ಕೆ ಹೊದಿಕೆಯಾಗಿತ್ತು.

"ಬಲಗೈ ಅಂದ್ರೆ ನನ್ನ ತಮ್ಮ ಕಣೇ. ಲೆಂಗ್ ಅಂತ. ಹದಿನಾಲ್ಕು ವರ್ಷ ಆಗಿದ್ದು ಅವನಿಗೆ."

ಪಾ ಕೂಳ ಮುಖ ಬಿಳಿಚಿಕೊಂಡಿತು. "ಅಯ್ಯೋ ತಾತ..." ಎಂದವಳೇ ಹೋಗಿ ನೋ ಟೌನನ್ನು ಎಳೆದು ತಂದಳು. "ಕರ್ನಲ್ ಮಾವ, ನಂದೇ ತಪ್ಪು. ಇದನ್ನ ಈಗ್ಲೇ ಬದಲಾಯಿಸ್ಬೇಕು."

ನೋ ಟೌ ಪಲ್ಯದ ಎಲೆ ಸಿಕ್ಕಿದ್ದ ಹಲ್ಲನ್ನು ಉಗುರಿನಿಂದ ಕೆದಕುತ್ತ ಎಲ್ಲ ಕೇಳಿದ. ಸಿಕ್ಕಿದ್ದನ್ನು ನೋಡಿ ಮತ್ತೆ ಬಾಯಿಗೆ ಹಾಕಿಕೊಂಡ.

"ಈ ಫೋಟೊಗಳದ್ದೆಲ್ಲ ಪುಸ್ತಕ ಅಚ್ಚಾಗಿದೆ. ಮುಖಪುಟದ ಮೇಲೆ ಈ ಕೈನೇ ಇದೆ. ಈಗ ಕೋಳಿ ಗೀಳಿ ಅಂದ್ರೆ ನಗಲ್ವಾ ಜನ? ನಿನ್ನೊಬ್ಬನಿಂದ ಉಳಿದ ಇಪ್ಪತ್ತೈದು ಜನಾನೂ ಸುಳ್ಳು ಅಂತಾರೆ."

"ಕೋಳಿ ಬಿಟ್ಟಾಕು. ಲೆಂಗ್ ಹೆಸರು ಒಂದು ಸಾಲು ಹಾಕ್ಸು."

"ಅವನ ಫೋಟೊ ಇದ್ಯಾ?"

"ಎಲ್ಲಿಂದ ಬರ್ಬೇಕು?"

"ಮತ್ತೆ? ಫೋಟೊ ಇಲ್ದವ್ನನ್ನ ಯಾವ ಮೊಳೆಗೆ ನೇತಾಕ್ಲಿ?" ನೋ ಟೌ ನಕ್ಕು ಅವನ ಭುಜ ತಟ್ಟಿದ. "ಸುಮ್ನೆ ಊಟ ಮಾಡಿ ಹೋಗಯ್ಯ. ಹಂದಿ ಮಾಂಸ ಚೆನ್ನಾಗಿದೆ."

ಆ ನಗು ಕೇಳಿ ವಾ ಚೂಗೆ ಸಿಟ್ಟು ಬರಲಿಲ್ಲ, ಬಂದದ್ದು ಹೇಸಿಗೆ. ಸಿಟ್ಟಾದರೂ ಬಂದಿದ್ದರೆ ಒಂದು ಏಟು ಕೊಟ್ಟು ಹಗುರಾಗುತ್ತಿದ್ದ. ಬಂದವರು ಹೆಸರು ಬರೆಯಲೆಂದು ಬಾಗಿಲ ಬಳಿ ಇಟ್ಟಿದ್ದ ಪುಸ್ತಕದ ಪಕ್ಕದಿಂದ ದಪ್ಪ ಕಪ್ಪು ಪೆನ್ನು ತೆಗೆದುಕೊಂಡು ಬಂದ. ಮುಚ್ಚಳವನ್ನು ಹಲ್ಲಿನಿಂದ ಕಿತ್ತ. ಹೆಬ್ಬೆರಳು ಕಿರುಬೆರಳ ನಡುವೆ ಪೆನ್ನು ಸಿಕ್ಕಿಸಿ, ಫೋಟೊದ ಕೆಳಗಿನ ಬಿಳಿ ಕಾಗದದ ಮೇಲೆ, ಅಚ್ಚಾದ ಅಕ್ಷರಗಳ ಮೇಲೇ, ತನಗೆ ಬರೆಯಲು ಬರುತ್ತಿದ್ದ ಒಂದೇ ಇಂಗ್ಲಿಷ್ ಪದವನ್ನು ಬರೆದ. ಪೆಟ್ಟಿಗೆಗಳ ಮೇಲೆ ಬರೆಯುತ್ತಿದ್ದಷ್ಟೇ ದೊಡ್ಡದಾಗಿ ಬರೆದ. ತಮ್ಮನ ಹೆಸರು ಬರೆಯಲು ಅವನಿಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ.

ಹೆಂಡತಿ ಮೇ ಯಿಯಾ ಅನ್ನದ ತಟ್ಟೆ ಹಿಡಿದುಕೊಂಡೇ ಓಡಿ ಬಂದಳು. "ಏನ್ ಗೀಚಿದ್ಯೋ ಮುದುಕಾ, ಮಾನ ಮರ್ಯಾದೆ ಬೇಡ್ವಾ?"

"ಕೈ ಎಲ್ಲಿ ಹೋಯ್ತು ಅಂತ ಬರ್ದೆ."

ಅಷ್ಟರಲ್ಲಿ ಬಿಳಿ ಮುದುಕಿಯೂ ಬಂದಳು. ಕನ್ನಡಕ ಏರಿಸಿಕೊಂಡು ಬಗ್ಗಿ ಓದಿದಳು. "ಟರ್ಕಿ" ಎಂದಳು, ಗಟ್ಟಿಯಾಗಿ. ವಾ ಚೂ ತಲೆಯಾಡಿಸಿದ. ಫೋಟೊದ ಕೈಯನ್ನೂ ತನ್ನ ಕೈಯನ್ನೂ ತೋರಿಸಿ ಮತ್ತೆ ಮತ್ತೆ ತಲೆಯಾಡಿಸಿದ. ಕೊನೆಗೂ ಒಬ್ಬರಿಗೆ ತಿಳಿಯಿತಲ್ಲ ಎಂದು ಉಸಿರು ಬಿಟ್ಟ. ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡು ನೋ ಟೌನನ್ನು ಏನೋ ಕೇಳಿದಳು. ಅವನು ಪದಕಗಳನ್ನು ಸರಿಮಾಡಿಕೊಂಡು ಗಂಭೀರವಾಗಿ ಉತ್ತರ ಕೊಟ್ಟ.

"ಏನ್ ಕೇಳಿದ್ಲೇ?" ಮೇ ಯಿಯಾ ಪಾ ಕೂಳನ್ನು ತಿವಿದಳು.

ಪಾ ಕೂ ನೆಲ ನೋಡುತ್ತ ಹೇಳಿದಳು. "ಟರ್ಕಿ ಅಂತ ಒಂದು ದೇಶ ಇದೆ ಅಜ್ಜಿ. ತಾತ ಅಲ್ಲೂ ಯುದ್ಧ ಮಾಡಿದ್ರಾ ಅಂತ ಕೇಳಿದ್ರು. ಕರ್ನಲ್ ಮಾವ ಹೂಂ ಅಂದ್ರು."

ಮುದುಕಿ ಎರಡೂ ಕೈ ಚಾಚಿಕೊಂಡು ಮತ್ತೆ ಬರುತ್ತಿದ್ದಳು. ವಾ ಚೂ ಬಲಗೈಯನ್ನು ಕೋಟಿನ ಒಳಗೆ ತೂರಿಸಿ, ಹೊಟ್ಟೆಗೆ ಒತ್ತಿ ಹಿಡಿದು, ಎಡಗೈಯಿಂದ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ.