ಪೆಟ್ಟಿಗೆಯೊಳಗಿನ ಮಳೆ

ನಮ್ಮ ತಮಾಲೆ ಊರಿನ ಸಣ್ಣ ದವಾಖಾನೆಗೆ ನಿದ್ದೆಯ ಪರೀಕ್ಷೆ ಬಂದಾಗ ಬರೆದುಕೊಳ್ಳುವ ಕೆಲಸ ನರ್ಸಾದ ನನ್ನ ತಲೆಗೆ ಬಿತ್ತು. ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ ಎಂಟು ವಾರ ಸದ್ದಿನ ಚಿಕಿತ್ಸೆ, ಆಮೇಲೆ ಎಂಟು ವಾರ ಮಲಗುವ ರೂಢಿಯನ್ನು ತಿದ್ದುವ ಚಿಕಿತ್ಸೆ. ಯಾವುದು ಮೇಲು ಎಂದು ಕೊನೆಗೆ ಬರೆಯಬೇಕು.

ಟಿಪಾಗ್ಯಾ ಅಜ್ಜಿ ಶಿಯಾ ಮರದ ಬೀಜ ಒಣಗಿಸಿ, ಕುಟ್ಟಿ, ಬೆಣ್ಣೆ ತೆಗೆದು ಮಾರುವವಳು. ಗಂಡ ಸತ್ತು ನಾಲ್ಕು ವರ್ಷವಾಗಿತ್ತು, ಅಂದಿನಿಂದ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಮೈದುನ ನಾಪಾರಿಯ ಅಂಗಳದಲ್ಲಿ ಅವಳಿಗೊಂದು ಒಂಟಿಕೋಣೆಯ ಗುಡಿಸಲಿತ್ತು. ಮಳೆಯ ಸದ್ದು ಮಾಡುವ ಪೆಟ್ಟಿಗೆ ಕೊಟ್ಟು ಕಳಿಸಿದೆ. ಎರಡನೇ ವಾರ ಸೊಂಟ ಹಿಡಿದುಕೊಂಡು ಬಂದಳು.

"ನಿನ್ನ ಪೆಟ್ಟಿಗೆ ನನ್ನ ಸೊಂಟ ಮುರೀತು ಮಗಳೇ."

"ಯಾಕಜ್ಜಿ, ಮಳೆ ಸದ್ದು ಹಿಡಿಸ್ಲಿಲ್ವಾ?"

"ಕಣ್ಣು ಎಳೆಯೋ ಹೊತ್ತಿಗೆ ಮಳೆ ಬಂತು ಅನ್ಸುತ್ತೆ. ಅಂಗಳದಲ್ಲಿ ಬೀಜ ಹರವಿದೀನಲ್ಲ, ಎದ್ದು ಓಡ್ತೀನಿ. ಎಲ್ಲಾ ಬಾಚಿ ಒಳಗೆ ತಂದು ನೋಡಿದ್ರೆ ಆಕಾಶದ ತುಂಬ ನಕ್ಷತ್ರ."

ನನಗೆ ನಗು ತಡೆಯಲಾಗಲಿಲ್ಲ. ಆ ಸದ್ದು ಆರಿಸಿದ ಪುಣ್ಯಾತ್ಮ ಜನ್ಮದಲ್ಲಿ ಬೀಜ ಒಣಹಾಕಿದವನಲ್ಲ.

ಎಂಟು ವಾರ ಮುಗಿದ ಮೇಲೆ ಪೆಟ್ಟಿಗೆ ವಾಪಸ್ ಪಡೆದೆ. ಎರಡನೆಯ ಚಿಕಿತ್ಸೆಯ ನಿಯಮ ಸರಳ. ನಿದ್ದೆ ಬಾರದೆ ಮಂಚದಲ್ಲಿ ಹೊರಳಬಾರದು, ಎದ್ದು ಇನ್ನೊಂದು ಕೋಣೆಯಲ್ಲಿ ಕೂತು, ತೂಕಡಿಕೆ ಬಂದಾಗ ಮರಳಬೇಕು. ಅವಳಿಗೆ ಇನ್ನೊಂದು ಕೋಣೆ ಎಲ್ಲಿತ್ತು? ಅದನ್ನು 'ಅಂಗಳ' ಎಂದು ತಿದ್ದಿದವಳು ನಾನೇ.

ಈ ಚಿಕಿತ್ಸೆಯ ಐದನೇ ವಾರ ಅಜ್ಜಿ ಎಲೆಯಲ್ಲಿ ಒಂದು ಮುದ್ದೆ ಬೆಣ್ಣೆ ತಂದಳು. "ಐದು ಗಂಟೆ ಮಲಗಿದ್ದೆ ಮಗಳೇ. ಸತ್ತೇ ಹೋದ್ಲು ಅಂತ ಮೈದುನನ ಮೊಮ್ಮಕ್ಕಳು ಮೂಗಿನ ಹತ್ರ ಕೈ ಇಟ್ಟು ನೋಡಿದ್ವು." ಅವತ್ತು ನನಗೂ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು.

ಏಳನೇ ವಾರ ನಾಪಾರಿಯ ಮೊಮ್ಮಗುವಿಗೆ ಜ್ವರ ಬಂತು. ಕತ್ತಲಲ್ಲಿ ಅಂಗಳದಲ್ಲಿ ಒಬ್ಬಳೇ ಕೂರುವ ವಿಧವೆ ಮುದುಕಿಗೆ ನಮ್ಮ ಕಡೆ ಇರುವುದು ಒಂದೇ ಹೆಸರು, ಮಾಟಗಾತಿ. ಹಿಂದೆ ಬೀಜಕ್ಕೆಂದು ಓಡಾಡಿದ್ದನ್ನೂ ಜನ ನೆನಪು ಮಾಡಿಕೊಂಡರು. ಕೇಳಿದವಳೇ ನಾಪಾರಿಯ ಮನೆಗೆ ಓಡಿದೆ.

"ಅದು ಚಿಕಿತ್ಸೆ ಅಜ್ಜ. ಹೊರಗೆ ಕೂರು ಅಂತ ಹೇಳ್ಕೊಟ್ಟಿದ್ದೇ ನಾನು."

"ನಾನು ನಂಬ್ತೀನಿ ತಾಯಿ. ಊರ ಬಾಯಿಗೆ ನಾನೊಬ್ಬ ಏನು ಮಾಡ್ಲಿ? ಇನ್ನೊಂದು ಸಲ ಹೊರಗೆ ಕಂಡ್ರೆ ಅತ್ತಿಗೇನ ಇಲ್ಲಿ ಇಟ್ಕೊಳ್ಳೋಕೆ ಆಗಲ್ಲ. ಇಲ್ಲಿಂದ ಹೋದೋರು ಎಲ್ಲಿಗೆ ಹೋಗ್ತಾರೆ ಅಂತ ನಿನಗೂ ಗೊತ್ತು."

ಗೊತ್ತಿತ್ತು. ಮಾಟಗಾತಿಯರೆಂದು ಊರು ಬಿಡಿಸಿದ ಮುದುಕಿಯರ ಗುಡಿಸಲುಗಳಿಗೆ ಮಾತ್ರೆ ಹಂಚಿ ಬಂದವಳು ನಾನು. ಮಗುವಿನ ಜ್ವರ ಮಲೇರಿಯಾ ಮಾತ್ರೆಗೆ ಇಳಿಯಿತು, ಮಾತು ಇಳಿಯಲಿಲ್ಲ. ನನ್ನ ಕೈಯಲ್ಲಿ ಇನ್ನೇನೂ ಇರಲಿಲ್ಲ.

ಕೊನೆಯ ದಿನ ಅಜ್ಜಿ ಬಂದು ಕೂತಳು. ಕಣ್ಣುಗಳು ಮತ್ತೆ ಕೆಂಪಗಿದ್ದವು.

"ಆ ಮಳೆ ಪೆಟ್ಟಿಗೆ ಕೊಡು."

"ಅದರಿಂದ ನಿದ್ದೆ ಬರ್ಲಿಲ್ವಲ್ಲ ಅಜ್ಜಿ."

"ನಿದ್ದೆ ಹಾಳಾಗ್ಲಿ. ಜೋರಾಗಿ ಹಾಕಿ ಬಿದ್ಕೊಂಡಿರ್ತೀನಿ, ಮುದುಕಿ ಒಳಗೇ ಇದಾಳೆ ಅಂತ ಅಂಗಳಕ್ಕೆಲ್ಲ ಕೇಳ್ಲಿ."

"ಮತ್ತೆ ಬೀಜಕ್ಕೆ ಎದ್ದು ಓಡಿದ್ರೆ?"

"ಕಾಲನ್ನ ಮಂಚಕ್ಕೆ ಕಟ್ಕೋತೀನಿ."

ಕಾಗದದ ಕೊನೆಯ ಪ್ರಶ್ನೆ: ರೋಗಿ ಯಾವ ಚಿಕಿತ್ಸೆಯನ್ನು ಮುಂದುವರಿಸಲು ಬಯಸುತ್ತಾರೆ? ಕಾರಣ ಬರೆಯಲು ಜಾಗ ಬಿಟ್ಟಿರಲಿಲ್ಲ. 'ಸದ್ದು' ಎಂಬಲ್ಲಿ ಗುರುತು ಹಾಕಿ, ಪೆಟ್ಟಿಗೆಗೆ ಹೊಸ ಬ್ಯಾಟರಿ ತುಂಬಿ ಅವಳ ಕೈಗಿಟ್ಟೆ.